ಪಂಕ ಬಿಟ್ಟು ಪಂಪು: ಸಣ್ಣ ಮೋಟಾರು ದೋಣಿಗೆ ಜೆಟ್ ಅಳವಡಿಸುವ ಬಗೆ

ಆಲಮಟ್ಟಿ ಜಲಾಶಯವು 519.60 ಮೀಟರ್ ಮಟ್ಟಕ್ಕೆ ತುಂಬಿ ನಿಂತಾಗ ಹಳೆಯ ಬಾಗಲಕೋಟೆಯ ಹಿನ್ನೀರಿನಲ್ಲಿ ಮೋಟಾರು ದೋಣಿ ನಡೆಸುವುದು ಕಷ್ಟವೇನಲ್ಲ. ಕಷ್ಟ ಶುರುವಾಗುವುದು ಬೇಸಿಗೆಯಲ್ಲಿ. ನೀರು ಇಳಿಯುತ್ತ ಬಂದಂತೆ ಮುಳುಗಡೆಯಾದ ಮನೆಗಳ ಗೋಡೆ, ಹೊಲದ ಒಡ್ಡು, ಜಾಲಿಯ ಬೊಡ್ಡೆಗಳು ಕಣ್ಣಿಗೆ ಕಾಣದಷ್ಟು ಆಳದಲ್ಲಿ, ಆದರೆ ದೋಣಿಯನ್ನು ತಳ್ಳುವ ಪಂಕಕ್ಕೆ (ಪ್ರೊಪೆಲ್ಲರ್) ತಾಗುವಷ್ಟು ಮೇಲೆ ಬಂದು ನಿಲ್ಲುತ್ತವೆ. ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನಿನ ಪಂಕವು ದೋಣಿಯ ತಳಕ್ಕಿಂತ ಸುಮಾರು ಒಂದು ಅಡಿ ಕೆಳಗೆ ಇಳಿದಿರುವುದರಿಂದ ಮೊದಲ ಏಟು ಅದಕ್ಕೇ ಬೀಳುತ್ತದೆ. ಈ ತೊಂದರೆಗೆ ಇರುವ ಒಂದು ಪರಿಹಾರವೆಂದರೆ ಎಂಜಿನ್ನನ್ನು ಹಾಗೆಯೇ ಉಳಿಸಿಕೊಂಡು, ಅದರ ಕೆಳಭಾಗದ ಗೇರ್ ಪೆಟ್ಟಿಗೆ ಮತ್ತು ಪಂಕವನ್ನು ಬಿಚ್ಚಿ, ಅಲ್ಲಿ ಜೆಟ್ ಪಂಪನ್ನು ಕೂಡಿಸುವುದು.

ಜೆಟ್ ಎಂದರೆ ಹೊಸದೇನೂ ಅಲ್ಲ; ಹೊಳೆಯ ದಂಡೆಯಲ್ಲಿ ಪಂಪ್‌ಸೆಟ್ ಬಿಚ್ಚಿ ಜೋಡಿಸಿದವರಿಗೆ ಇದು ಅರ್ಧ ಗೊತ್ತಿರುವ ವಿದ್ಯೆಯೇ. ತಳದ ಜಾಳಿಗೆಯ ಮೂಲಕ ನೀರು ಒಳಗೆ ಬರುತ್ತದೆ, ಇಂಪೆಲ್ಲರ್ ಎಂಬ ಎಲೆಗಳುಳ್ಳ ಚಕ್ರ ತಿರುಗಿ ಅದನ್ನು ತಳ್ಳುತ್ತದೆ, ಕಿರಿದಾದ ನಾಝಲ್‌ನಿಂದ ನೀರು ರಭಸವಾಗಿ ಹಿಂದಕ್ಕೆ ಚಿಮ್ಮುತ್ತದೆ, ಅದರ ಪ್ರತಿಬಲದಿಂದ ದೋಣಿ ಮುಂದಕ್ಕೆ ಸಾಗುತ್ತದೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ತನ್ನ ಊರಿನ ಆಳವಿಲ್ಲದ, ಸೆಳವಿನ ಹೊಳೆಗಳನ್ನು ಏರುವುದಕ್ಕೆಂದೇ ಈ ಬಗೆಯ ದೋಣಿಯನ್ನು ರೂಪಿಸಿದರು. ಮೊದಲು ನೀರನ್ನು ತಳದ ಕೆಳಗೆ ಹೊರಬಿಡುತ್ತಿದ್ದ ಅವರು, ನಾಝಲ್ಲನ್ನು ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿದಾಗ ವೇಗ ಬಹಳ ಹೆಚ್ಚಿತು. 1977ರಲ್ಲಿ ಎಡ್ಮಂಡ್ ಹಿಲರಿಯವರ ತಂಡ ಗಂಗಾನದಿಯನ್ನು ಸಮುದ್ರದ ಕಡೆಯಿಂದ ಮೇಲಕ್ಕೆ ಏರಿ ಹೋದದ್ದೂ ಜೆಟ್ ದೋಣಿಗಳಲ್ಲಿಯೇ.

ಪಾನಾ ಹಿಡಿಯುವ ಮೊದಲು

ಜೆಟ್ ಕೂಡಿಸಿದರೆ ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಶೇಕಡಾ 30 ಕೈಬಿಡುತ್ತದೆ; 40 ಅಶ್ವಶಕ್ತಿಯ ಎಂಜಿನ್ನು 28ರಂತೆ ಕೆಲಸ ಮಾಡುತ್ತದೆ. ಭಾರ ಹೇರಿಕೊಂಡು ನಿಧಾನವಾಗಿ ಸಾಗುವ ದೋಣಿಗೆ ಜೆಟ್ ತಕ್ಕುದಲ್ಲ, ಏಕೆಂದರೆ ಕಡಿಮೆ ವೇಗದಲ್ಲಿ ಅದು ಎಣ್ಣೆ ಕುಡಿಯುವಷ್ಟು ಕೆಲಸ ಕೊಡುವುದಿಲ್ಲ. ಹಗುರವಾದ, 12ರಿಂದ 16 ಅಡಿ ಉದ್ದದ, ಚಪ್ಪಟೆ ತಳದ ಅಲ್ಯೂಮಿನಿಯಂ ಅಥವಾ ಫೈಬರ್ ದೋಣಿ ಇದಕ್ಕೆ ಸರಿ. ತಳದ ನಡುವೆ ಹಿಂದಿನ ತುದಿಯವರೆಗೂ ಏಣು ಇದ್ದರೆ, ಆ ಏಣು ಕಲಕಿದ ಗಾಳಿಬೆರೆತ ನೀರು ನೇರವಾಗಿ ಜಾಳಿಗೆಗೆ ಬರುತ್ತದೆ. ಅದನ್ನು ಹಿಂಬದಿಯಿಂದ ಮೂರು ಅಡಿಯಾದರೂ ಮುಂಚೆಯೇ ಮುಗಿಸಿ, ತಳವನ್ನು ನಯಗೊಳಿಸಬೇಕಾಗುತ್ತದೆ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಜೆಟ್ ಕಲ್ಲಿಗೆ ಹೆದರುವುದಿಲ್ಲ, ಕಸಕ್ಕೆ ಹೆದರುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಕಬ್ಬಿನ ಗದ್ದೆಗಳ ಮೇಲೆ ಹರಿದಂಥ ಸಂದರ್ಭದಲ್ಲಿ ನೀರಿಗಿಳಿದವರ ಕಾಲಿಗೆ ತಾಗುವ ಪಂಕವಿಲ್ಲವೆಂಬುದು ದೊಡ್ಡ ಅನುಕೂಲವೇ ಆದರೂ, ಕಬ್ಬಿನ ರವದಿ ಮತ್ತು ಮೀನಿನ ಬಲೆಯ ತುಂಡುಗಳು ಕೆಲವೇ ನಿಮಿಷಗಳಲ್ಲಿ ಜಾಳಿಗೆಯನ್ನು ಮುಚ್ಚಬಲ್ಲವು. ಬಲೆಗಳ ನಡುವೆಯೇ ದಿನವಿಡೀ ತಿರುಗುವವರು ಪಂಕವನ್ನೇ ಇಟ್ಟುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಪಂಪಿನ ಪೆಟ್ಟಿಗೆಯನ್ನು ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕ ಹೊಯ್ಯಿಸಬಹುದಲ್ಲ ಎಂದು ಕೆಲವರಿಗೆ ಅನ್ನಿಸೀತು. ಫೌಂಡ್ರಿಗೂ ಲೇಥಿಗೂ ಅಲ್ಲಿ ಕೊರತೆಯಿಲ್ಲ. ಆದರೆ ನಿಮಿಷಕ್ಕೆ 5000 ಸುತ್ತು ತಿರುಗುವ ಇಂಪೆಲ್ಲರ್‌ನ ಎಲೆಗಳ ಕೋನ, ತೂಕದ ಸಮತೋಲ ಇವು ಅಂದಾಜಿನಿಂದ ಆಗುವಂಥವಲ್ಲ. ನಿಮ್ಮ ಎಂಜಿನ್ನಿನ ಮಾದರಿ ಸಂಖ್ಯೆಗೆ ಹೊಂದುವ ಸಿದ್ಧ ಜೆಟ್ ಜೋಡಣೆಯನ್ನೇ ತರಿಸಿಕೊಂಡು, ಹಿಂಬದಿಯ ಹಲಗೆಯನ್ನು ಎತ್ತರಿಸುವ ಅಲ್ಯೂಮಿನಿಯಂ ಚೌಕಟ್ಟು, ಸವೆದ ಭಾಗಗಳ ದುರಸ್ತಿ ಇಂಥವನ್ನು ಮಾತ್ರ ಇಲ್ಲಿ ಮಾಡಿಸುವುದು ಜಾಣತನ.

ಬಿಚ್ಚುವುದು, ಕೂಡಿಸುವುದು

ಬ್ಯಾಟರಿಯ ತಂತಿಯನ್ನೂ ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನೂ ಕಳಚಿದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ಗೇರ್ ಬದಲಿಸುವ ಸರಳಿನ ಕೊಂಡಿಯನ್ನು ಬಿಡಿಸಿ, ಗೇರ್ ಪೆಟ್ಟಿಗೆಯನ್ನು ಹಿಡಿದಿರುವ ಬೋಲ್ಟುಗಳನ್ನು ತೆಗೆದರೆ ಪೆಟ್ಟಿಗೆಯು ಉದ್ದನೆಯ ಶಾಫ್ಟಿನ ಸಮೇತ ಕೆಳಗೆ ಇಳಿದು ಬರುತ್ತದೆ. ಒಂದು ಬೋಲ್ಟು ಸಾಮಾನ್ಯವಾಗಿ ಪಂಕದ ಮೇಲಿನ ಚಿಕ್ಕ ರೆಕ್ಕೆಯ ಹಿಂದೆ ಅಡಗಿರುತ್ತದೆ. ಅದನ್ನು ಕಾಣದೆ ಸುತ್ತಿಗೆಯಿಂದ ಬಡಿದು ಎರಕವನ್ನು ಸೀಳಿಸಿಕೊಳ್ಳಬಾರದು. ತೆಗೆದ ಪೆಟ್ಟಿಗೆಯನ್ನು ಎಣ್ಣೆ ಚೆಲ್ಲದೆ ಹಾಗೆಯೇ ಸುತ್ತಿಡಿ, ಮುಂದೆ ಬೇಕೆನಿಸಿದಾಗ ಮತ್ತೆ ಪಂಕಕ್ಕೆ ಮರಳಬಹುದು.

ಎಂಜಿನ್ನನ್ನು ತಂಪಾಗಿಡುವ ಚಿಕ್ಕ ನೀರಿನ ಪಂಪು ಜೆಟ್ಟಿನಲ್ಲಿಯೂ ಬೇಕೇ ಬೇಕು. ಹಳೆಯದನ್ನೇ ಹೊಸ ಶಾಫ್ಟಿಗೆ ದಾಟಿಸುವುದಾದರೆ ಅದರ ರಬ್ಬರ್ ಇಂಪೆಲ್ಲರನ್ನು ಹೇಗಿದ್ದರೂ ಬದಲಿಸಿಬಿಡಿ. ಶಾಫ್ಟಿನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಸವರಬೇಕು, ಆದರೆ ಅದರ ನೆತ್ತಿಯ ಮೇಲೆ ಗ್ರೀಸ್ ಇರಕೂಡದು; ಅಲ್ಲಿ ಸಿಕ್ಕಿಕೊಂಡ ಗ್ರೀಸ್ ಶಾಫ್ಟನ್ನು ಪೂರ್ತಿ ಕೂಡಲು ಬಿಡುವುದಿಲ್ಲ. ಜೆಟ್ಟಿನ ಪೆಟ್ಟಿಗೆಯನ್ನು ಎತ್ತಿ ಹಿಡಿಯುವಾಗ ತಂಪುನೀರಿನ ಕೊಳವೆಯು ತನ್ನ ರಬ್ಬರ್ ಬಾಯಿಯಲ್ಲಿ ಸರಿಯಾಗಿ ಕೂತಿತೇ ಎಂದು ಟಾರ್ಚ್ ಹಿಡಿದು ನೋಡಿ, ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ, ಸರತಿಯಿಂದ ಬಿಗಿಯಿರಿ.

ಇನ್ನು ಇಂಪೆಲ್ಲರ್. ಅದನ್ನು ಕೀಲಿನ ಸಮೇತ ಶಾಫ್ಟಿಗೆ ಏರಿಸಿದಾಗ ಎಲೆಗಳ ಅಂಚಿಗೂ ಸುತ್ತಲಿನ ಒಳಕವಚಕ್ಕೂ ನಡುವೆ ಸುಮಾರು 0.8 ಮಿಲಿಮೀಟರ್ ಸಂದು ಇರಬೇಕು. ಒಳಕವಚವು ಕೆಳಗೆ ಹೋದಂತೆ ಕಿರಿದಾಗುವುದರಿಂದ, ಇಂಪೆಲ್ಲರ್‌ನ ಕೆಳಗಿರುವ ಶಿಮ್‌ ಎಂಬ ತೆಳುವಾದ ಬಿಲ್ಲೆಗಳಲ್ಲಿ ಒಂದನ್ನು ತೆಗೆದು ಮೇಲಕ್ಕೆ ಹಾಕಿದರೆ ಇಂಪೆಲ್ಲರ್ ತುಸು ಕೆಳಗಿಳಿದು ಸಂದು ಕಿರಿದಾಗುತ್ತದೆ. ಮಳೆಗಾಲದ ಕೆಂಪು ರಾಡಿನೀರಿನಲ್ಲಿ ಓಡಿಸಿ ಎಲೆಗಳು ಸವೆದ ಮೇಲೆಯೂ ಇದೇ ಉಪಾಯ ನೆರವಿಗೆ ಬರುತ್ತದೆ. ನಟ್ಟಿನ ಕೆಳಗಿನ ವಾಶರಿನ ಕಿವಿಯನ್ನು ಮಡಚಿ ಭದ್ರಪಡಿಸಿ, ಇಂಪೆಲ್ಲರನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ, ಎಲ್ಲಿಯೂ ಉಜ್ಜದಿದ್ದರೆ ಜಾಳಿಗೆಯ ಭಾಗವನ್ನು ಕೂಡಿಸಿ.

ಜೆಟ್ಟಿನಲ್ಲಿ ಗೇರು ಇರುವುದಿಲ್ಲ. ಎಂಜಿನ್ ಚಾಲೂ ಇರುವವರೆಗೆ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ. ನಾಝಲ್ಲಿನ ಹಿಂದಿರುವ ಬಾಗಿಲು ಪೂರ್ತಿ ಇಳಿದರೆ ನೀರು ಮುಂದಕ್ಕೆ ತಿರುಗಿ ದೋಣಿ ಹಿಂದೆ ಸರಿಯುತ್ತದೆ, ಅರ್ಧ ಇಳಿದರೆ ದೋಣಿ ಹೆಚ್ಚುಕಡಿಮೆ ನಿಂತಲ್ಲಿಯೇ ಇರುತ್ತದೆ. ಹಳೆಯ ಗೇರಿನ ಸನ್ನೆಯನ್ನು ಈ ಬಾಗಿಲಿಗೆ ಜೋಡಿಸುವಾಗ, ಮಧ್ಯಸ್ಥಿತಿಯಲ್ಲಿ ಮಾತ್ರ ಎಂಜಿನ್ ಚಾಲೂ ಆಗುವಂತೆ ತಡೆಯುವ ಸ್ವಿಚ್ಚನ್ನು ಎಂದಿಗೂ ಕಳಚಬೇಡಿ.

ಎತ್ತರದ ಲೆಕ್ಕ

ಇಡೀ ಕೆಲಸದ ಜೀವಾಳ ಇರುವುದು ಇಲ್ಲಿ. ಪಂಕದ ಎಂಜಿನ್ನನ್ನು ಕೂರಿಸಿದ್ದ ಎತ್ತರದಲ್ಲಿಯೇ ಜೆಟ್ಟನ್ನು ಬಿಟ್ಟರೆ ಅದು ನೀರಿನಲ್ಲಿ ಮುಳುಗಿ ದೋಣಿಯನ್ನು ಎಳೆದು ಹಿಡಿಯುತ್ತದೆ. ಎಂಜಿನ್ನನ್ನು ಸಾಮಾನ್ಯವಾಗಿ 6ರಿಂದ 8 ಅಂಗುಲದಷ್ಟು ಎತ್ತಬೇಕಾಗುತ್ತದೆ. ದೋಣಿಯ ತಳಕ್ಕೆ ಒಂದು ನೇರ ಪಟ್ಟಿಯನ್ನು ಒತ್ತಿ ಹಿಂದಕ್ಕೆ ಚಾಚಿ ಹಿಡಿಯಿರಿ. ಜಾಳಿಗೆಯ ಮುಂದಿನ ಅಂಚು ಆ ಪಟ್ಟಿಗೆ ಸಮನಾಗಿ ಬಂದು ನಿಂತರೆ ಅದೇ ಮೊದಲ ಗುರುತು. ಆ ಎತ್ತರಕ್ಕೆ ತಕ್ಕಂತೆ ಹಿಂಬದಿಯ ಹಲಗೆಯ ಮೇಲೆ ಅಲ್ಯೂಮಿನಿಯಂ ಚೌಕಟ್ಟನ್ನು ಆರಪಾರ ಬೋಲ್ಟುಗಳಿಂದ ಬಿಗಿದು, ತೂತುಗಳಿಗೆ ನೀರು ಸೋರದ ಸೀಲಂಟ್ ತುಂಬಿ, ಎಂಜಿನ್ನಿಗೆ ಒಂದು ಕಾವಲು ಸರಪಳಿ ಹಾಕಿ. ಎಂಜಿನ್ ಮೇಲೇರಿದಾಗ ಸ್ಟಿಯರಿಂಗಿನ ಕೇಬಲ್ಲೂ ಎಣ್ಣೆಯ ಪೈಪೂ ಮೋಟಾಗಬಹುದು, ಅದನ್ನೂ ನೋಡಿಕೊಳ್ಳಬೇಕು.

ನಂತರ ಕಸವಿಲ್ಲದ, ನಾಲ್ಕೈದು ಅಡಿ ಆಳದ ನೀರಿಗೆ ಇಳಿಸಿ. ಮೊದಲು ಎಂಜಿನ್ನಿನ ಬದಿಯ ಸಣ್ಣ ತೂತಿನಿಂದ ತಂಪುನೀರು ಚಿಮ್ಮುವುದನ್ನು ಕಣ್ಣಾರೆ ನೋಡಬೇಕು. ವೇಗ ಹೆಚ್ಚಿಸಿದಾಗ ಎಂಜಿನ್ನಿನ ಸದ್ದು ಒಮ್ಮೆಲೇ ಏರಿ ದೋಣಿ ಮಾತ್ರ ಮುಂದೆ ಹೋಗದಿದ್ದರೆ, ಪಂಪ್‌ಸೆಟ್ಟಿನ ಪೈಪು ಗಾಳಿ ಎಳೆದಾಗ ಆಗುವುದೇ ಇಲ್ಲಿಯೂ ಆಗುತ್ತಿದೆ ಎಂದು ತಿಳಿಯಬೇಕು. ಎಂಜಿನ್ನನ್ನು ಕಾಲು ಅಂಗುಲ ಇಳಿಸಿ ಮತ್ತೆ ನೋಡಿ. ಗಾಳಿ ಎಳೆಯದೆ ಚೆನ್ನಾಗಿ ಓಡಿದರೆ, ಕಾಲು ಅಂಗುಲದಂತೆ ಏರಿಸುತ್ತ ಹೋಗಿ, ಎಳೆಯತೊಡಗಿದ ಎತ್ತರದಿಂದ ಒಂದು ಹೆಜ್ಜೆ ಕೆಳಗೆ ನಿಲ್ಲಿಸಿ. ನೇರ ಓಟದಲ್ಲಿ ಸರಿಯಿದ್ದದ್ದು ತಿರುವಿನಲ್ಲಿ ಗಾಳಿ ಎಳೆಯಬಹುದಾದ್ದರಿಂದ ಎರಡೂ ಬದಿಗೆ ತಿರುಗಿಸಿ ನೋಡಬೇಕು. ಇದಕ್ಕೆ ಅರ್ಧ ದಿನವಾದರೂ ಹಿಡಿಯುತ್ತದೆ, ಅವಸರಿಸಿ ಪ್ರಯೋಜನವಿಲ್ಲ.

ನಡೆಸುವಾಗ

ಪಂಕದ ದೋಣಿಗೆ ಒಗ್ಗಿದ ಕೈ ಜೆಟ್ಟಿನಲ್ಲಿ ತಪ್ಪುವುದು ಒಂದೇ ಕಡೆ. ಎದುರಿಗೆ ಹರಿಗೋಲು ಬಂದರೆ ನಾವು ರೂಢಿಯಂತೆ ಥ್ರಾಟಲ್ ಬಿಟ್ಟು ತಿರುಗಿಸಲು ನೋಡುತ್ತೇವೆ. ಜೆಟ್ಟಿನಲ್ಲಿ ನೀರಿನ ಚಿಮ್ಮು ನಿಂತೊಡನೆ ತಿರುಗುವ ಶಕ್ತಿಯೂ ನಿಲ್ಲುತ್ತದೆ, ದೋಣಿ ನೇರವಾಗಿಯೇ ನುಗ್ಗುತ್ತದೆ. ತಿರುವಿಗೆ ಥ್ರಾಟಲ್ ಬೇಕು ಎಂಬುದು ಕೈಗೆ ರೂಢಿಯಾಗುವವರೆಗೆ ಖಾಲಿ ನೀರಿನಲ್ಲಿ ಒಬ್ಬರೇ ಅಭ್ಯಾಸ ಮಾಡಿ, ಲೈಫ್ ಜಾಕೆಟ್ ತೊಟ್ಟು. ವೇಗದಲ್ಲಿ ಮೇಲೆದ್ದು ತೇಲುವಾಗ ಅರ್ಧ ಅಡಿ ನೀರನ್ನೂ ದಾಟುವ ಈ ದೋಣಿಯನ್ನು ಅಷ್ಟೇ ನೀರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದರೆ ತಳದ ಉಸುಕನ್ನೂ ಹರಳನ್ನೂ ಹೀರಿಕೊಳ್ಳುತ್ತದೆ. ಆಳಕ್ಕೆ ಹುಟ್ಟು ಹಾಕಿಕೊಂಡು ಹೋಗಿ ಆಮೇಲೆ ಚಾಲೂ ಮಾಡಬೇಕು. ಜಾಳಿಗೆಗೆ ಸಿಕ್ಕ ಕಸವನ್ನು ತೆಗೆಯುವುದಾದರೆ ಎಂಜಿನ್ ನಿಲ್ಲಿಸಿ, ಚಾವಿ ಕಿತ್ತು ಜೇಬಿಗೆ ಹಾಕಿಕೊಂಡೇ ಕೈ ಹಾಕಿ.

ಯಂತ್ರಚಾಲಿತ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿಯ ನಿಯಮಗಳಿವೆ. ಚಳಿಗಾಲದಿಂದ ಬೇಸಿಗೆಯವರೆಗೆ ರಾಜಹಂಸಗಳೂ ಪಟ್ಟೆತಲೆ ಹೆಬ್ಬಾತುಗಳೂ ಇಳಿಯುವ ತೆಳುನೀರಿನ ದಂಡೆಗಳಿಗೆ ಈ ದೋಣಿ ಸುಲಭವಾಗಿ ನುಗ್ಗಬಲ್ಲದು. ಅಲ್ಲಿಂದ ದೂರವಿರುವುದು ಮರ್ಯಾದೆ.

ಉಳಿದದ್ದು ಗ್ರೀಸಿನ ಕೆಲಸ. ಪ್ರತಿ 10 ಗಂಟೆಯ ಓಟಕ್ಕೊಮ್ಮೆ, ಸಾಧ್ಯವಾದರೆ ಪ್ರತಿದಿನ ದಂಡೆಗೆ ಬಂದೊಡನೆ, ಬೇರಿಂಗಿಗೆ ಗ್ರೀಸ್ ಗನ್ನಿನಿಂದ ಹೊಸ ಗ್ರೀಸ್ ತುಂಬಿ, ಹಳೆಯದು ಕೊಳವೆಯ ಇನ್ನೊಂದು ತುದಿಯಿಂದ ಹೊರಬರುವವರೆಗೆ ಒತ್ತಬೇಕು. ಹೊರಬಂದ ಗ್ರೀಸ್ ನೀರು ಬೆರೆತು ಬೂದುಬಣ್ಣಕ್ಕೆ ತಿರುಗಿದ್ದರೆ ಸೀಲ್ ಸವೆದಿದೆ ಎಂದರ್ಥ, ಅದನ್ನು ಬದಲಿಸದೆ ಮತ್ತೆ ನೀರಿಗೆ ಇಳಿಸಬೇಡಿ.