ಮ್ಯಾಕ್ರೋ ಫೋಟೊಗೆ ಹಳೇ ಲೆನ್ಸೇ ಸಾಕು

ಆಗುಂಬೆ, ತೀರ್ಥಹಳ್ಳಿ ಕಡೆ ಹುಳ-ಹಪ್ಪಟೆಯ ಮ್ಯಾಕ್ರೋ ಫೋಟೊ, ಅಂದರೆ ತೀರಾ ಹತ್ತಿರದಿಂದ ದೊಡ್ಡದಾಗಿ ಕಾಣುವ ಫೋಟೊ, ತೆಗೆಯುವ ಆಸೆ ಇದ್ದವರು ದುಬಾರಿ ಲೆನ್ಸ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಹಳೇ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗ್ (ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಗೆ ಜೋಡಿಸುವ ಬಳೆ) ಹಾಕಿ ತಿರುಗಿಸಿ ಕೂರಿಸಿ. ಲೆನ್ಸ್ ಮೇಲೇ ಅಪರ್ಚರ್ ರಿಂಗ್ (ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬಳೆ) ಇದ್ದರೆ ಒಳ್ಳೆಯದು, ಎಫ್ 8ರ ಸುತ್ತ ಇಡಿ. ಪೂರ್ತಿ ತೆರೆದಿಟ್ಟರೆ ಜೇಡದ ಕಣ್ಣು ಸ್ಪಷ್ಟ, ಕಾಲೆಲ್ಲ ಮಸುಕು. ಆಟೋಫೋಕಸ್ ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಹಿಡಿದು ನೀವೇ ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ವಾಲಬೇಕು. ಬೆಳಕು ಸಾಲದಿದ್ದರೆ ಫ್ಲ್ಯಾಶ್ ಮುಂದೆ ತೆಳು ಬಿಳಿ ಕಾಗದ ಕಟ್ಟಿ.

ಬಿಸಿಲೇರುವ ಮೊದಲೇ ಹೋಗಿ. ಏರೋಪ್ಲೇನ್ ಚಿಟ್ಟೆ ಚಳಿಗೆ ಮೈತುಂಬ ಇಬ್ಬನಿ ಹೊತ್ತು ಸುಮ್ನೆ ಕೂತಿರುತ್ತದೆ. ಮಳೆಗಾಲವಾದರೆ ಉಂಬಳ, ಅಂದರೆ ಜಿಗಣೆ, ಹತ್ತದಂತೆ ಉದ್ದನೆಯ ಸಾಕ್ಸ್ ಮರೆಯಬೇಡಿ. ಮೊದಲ ಸಲ ನಾನು ಚಪ್ಪಲಿಯಲ್ಲೇ ಹೋಗಿ ಮೊಣಕಾಲೂರಿ ಕೂತಿದ್ದೆ. ಸಿಕ್ಕಿದ್ದು ಫೋಟೊ ಒಂದು, ಉಂಬಳ ಆರು!