ಮಹಾಯುದ್ಧಕ್ಕೆ ಹೋಗಿ ಮರಳದ ರೈತನ ಹೆಸರು ಹುಡುಕಿ ಕಲ್ಲಿನಲ್ಲಿ ನಿಲ್ಲಿಸುವುದು

ಭಾರತದ ಹಲವು ಹಳ್ಳಿಗಳ ಗೋಡೆಯಲ್ಲಿ ಬ್ರಿಟಿಷರ ಕಾಲದ ಸಣ್ಣ ಕಲ್ಲಿನ ಫಲಕ ಇವತ್ತಿಗೂ ಇದೆ. ಈ ಊರಿನಿಂದ ಇಷ್ಟು ಜನ 1914–1919ರ ಮಹಾಯುದ್ಧಕ್ಕೆ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು, ಅಷ್ಟೇ ಬರಹ. ಹೆಸರಿಲ್ಲ. ಇರಾಕಿನ ಬಸ್ರಾ ಸ್ಮಾರಕವೂ ಹಾಗೆಯೇ: ಅಧಿಕಾರಿಗಳ ಹೆಸರು ಗೋಡೆಯ ಮೇಲೆ, ಭಾರತೀಯ ಸಿಪಾಯಿಗಳದು ಪಡೆವಾರು ಲೆಕ್ಕ ಮಾತ್ರ. ಆದ್ದರಿಂದ ಹೆಸರು ಹುಡುಕುವ ಕೆಲಸವನ್ನು ಮನೆಯವರೋ ಊರಿನವರೋ ಮಾಡಬೇಕು.

ಮೊದಲು ಮನೆಯ ಪೆಟ್ಟಿಗೆ ತೆಗೆಯಿರಿ. ಮೊದಲ ಮಹಾಯುದ್ಧದ ದುಂಡು ಪದಕದ ಅಂಚಿನಲ್ಲಿ, ನಕ್ಷತ್ರಾಕಾರದ್ದಾದರೆ ಹಿಂಬದಿಯಲ್ಲಿ, ಸೇವಾ ಸಂಖ್ಯೆ, ದರ್ಜೆ, ಹೆಸರು, ಪಡೆ ಕೊರೆದಿರುತ್ತದೆ. ಭಾರತದಲ್ಲಿ ಕೊಟ್ಟ ಎರಡನೆಯ ಯುದ್ಧದ ಪದಕಗಳಿಗೂ ಇದೇ ಕ್ರಮ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಲೇಬೇಡಿ. ಅಂಚಿನ ಅಕ್ಷರ ಸವೆದರೆ ಇದ್ದ ಒಂದೇ ಪುರಾವೆ ಹೋಯಿತು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆದರೆ ಮಸುಕಾದದ್ದೂ ಓದಲು ಸಿಗುತ್ತದೆ. ಅಂಗೈಗಿಂತ ತುಸು ದೊಡ್ಡ, 12 ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆ ಸಿಕ್ಕರೆ ಅದು ಮೊದಲ ಯುದ್ಧದಲ್ಲಿ ಸತ್ತವರ ಮನೆಗೆ ಕಳಿಸಿದ್ದು. ಅದರಲ್ಲಿ ಹೆಸರು ಮಾತ್ರ ಇರುತ್ತದೆ, ದರ್ಜೆ ಹಾಕುತ್ತಿರಲಿಲ್ಲ.

ಪದಕ ಮಾರಿ ತಿಂದಿದ್ದರೆ (ಬೆಳ್ಳಿಯದ್ದಾದರೆ ಬಹುಪಾಲು ಅದೇ ಗತಿ) ಹೊಲ ಉಳಿದಿರುತ್ತದಲ್ಲ! ಸತ್ತವನು ರೈತನಾಗಿದ್ದರೆ ಇದೇ ದೊಡ್ಡ ಅನುಕೂಲ. ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಹಳೆಯ ಹಕ್ಕು ಬದಲಾವಣೆ ಪುಸ್ತಕದ ನಕಲಿಗೆ ಅರ್ಜಿ ಹಾಕಿ. ವಾರಸಾ ನಮೂದಿನಲ್ಲಿ ಅವನ ಹೆಸರು, ತಂದೆಯ ಹೆಸರು, ಜಮೀನು ಯಾರಿಗೆ ಹೋಯಿತು ಎಂಬುದು ಸಿಗಬಹುದು. ಅಲ್ಲಿರುವ ತಾರೀಖು ನಮೂದು ಮಾಡಿದ ದಿನದ್ದು, ಸತ್ತ ದಿನದ್ದಲ್ಲ. ಎರಡರ ನಡುವೆ ವರ್ಷಗಳೇ ಕಳೆದಿರಬಹುದು. ಬೆಳಗಾವಿ ಕಡೆಯ ಕೆಲವು ಹಳೆಯ ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿರುತ್ತವೆ, ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಇಷ್ಟು ಕೈಯಲ್ಲಿದ್ದರೆ, ಎರಡು ಮಹಾಯುದ್ಧಗಳಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಉಚಿತ ಆನ್‌ಲೈನ್ ಪಟ್ಟಿಗೆ ಹೋಗಿ. ಅದು 4 ಆಗಸ್ಟ್ 1914ರಿಂದ 31 ಆಗಸ್ಟ್ 1921, 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947, ಈ ಎರಡು ಅವಧಿಯ ಸಾವುಗಳದ್ದು. ಬಹಳ ಜನ ಪೂರ್ತಿ ಹೆಸರು ಹಾಕಿ ಸೋಲುವುದು ಇಲ್ಲೇ. ಚನ್ನಪ್ಪ, ಭೀಮಪ್ಪ, ನಿಂಗಪ್ಪ ಇವನ್ನೆಲ್ಲ ಬ್ರಿಟಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಇಂಗ್ಲಿಷಿನ ಮೊದಲ ಮೂರು ಅಕ್ಷರ ಮಾತ್ರ ಹಾಕಿ, ಭಾರತೀಯ ಸೇನೆ ಎಂದು ಆರಿಸಿ, ಹೆಚ್ಚಿನ ಮಾಹಿತಿಯ ಜಾಗದಲ್ಲಿ ತಂದೆಯ ಹೆಸರನ್ನೋ ಊರನ್ನೋ ಹಾಕಿ. ಊರಿನ ಹಳೆಯ ಇಂಗ್ಲಿಷ್ ರೂಪವೇ ಬೇಕು: ಧಾರ್ವಾರ್, ಬೆಲ್ಗಾಮ್, ಶಿಮೋಗಾ, ಕೂರ್ಗ್. ಸಿಪಾಯಿ ಎಂದು ಸಿಗದಿದ್ದರೆ ಸವಾರ, ಡ್ರೈವರ್, ಫಾಲೋವರ್ ದರ್ಜೆಗಳನ್ನೂ ನೋಡಿ. ಹೇಸರಗತ್ತೆ ಹೊಡೆದವರು, ಹೊರೆ ಹೊತ್ತವರು ಅಲ್ಲಿರುತ್ತಾರೆ. ಒಂದೇ ಹೆಸರಿನ ನಾಲ್ವರು ಬಂದರೆ ತಂದೆಯ ಹೆಸರು ಮತ್ತು ಊರು ಎರಡೂ ಹೊಂದಬೇಕು. ಒಂದು ಹೊಂದಿತೆಂದು ಮುಂದುವರಿದರೆ ಬೇರೆ ಯಾರದೋ ಮಗನಿಗೆ ಕಲ್ಲು ನೆಟ್ಟಂತಾಗುತ್ತದೆ.

ಪಡೆ ಗೊತ್ತಾದರೆ ಸತ್ತ ಸಂದರ್ಭ ತಿಳಿಯಾಗುತ್ತದೆ. 103, 110, 117ನೇ ಮರಾಠಾ ಪಡೆಗಳು 29 ಏಪ್ರಿಲ್ 1916ರಂದು ಇರಾಕಿನ ಕೂಟ್‌ನಲ್ಲಿ ತುರ್ಕರಿಗೆ ಸೆರೆಸಿಕ್ಕವು. ಮೈಸೂರು ಲಾನ್ಸರ್ಸ್ 23 ಸೆಪ್ಟೆಂಬರ್ 1918ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾದಿತು. ಆದರೆ ಮೆಸೊಪೊಟೇಮಿಯದಲ್ಲಿ (ಇಂದಿನ ಇರಾಕ್) ಗುಂಡಿನಷ್ಟೇ ಕಾಯಿಲೆಯೂ ಜನರನ್ನು ತಿಂದಿದೆ. ಕಾರಣಕ್ಕೆ ಪುರಾವೆ ಇಲ್ಲದಿದ್ದರೆ ‘ಕಾಳಗದಲ್ಲಿ ಮಡಿದ’ ಎಂದು ಬರೆಯಬೇಡಿ, ‘ಯುದ್ಧಸೇವೆಯಲ್ಲಿದ್ದಾಗ’ ಸಾಕು. ಸಮಾಧಿ ಇಲ್ಲವೆಂದು ಗಾಬರಿಯಾಗಬೇಕಿಲ್ಲ. ದಹನವಾದವರ ಹೆಸರು ಇಂಫಾಲದಂಥ ಕಡೆ ಪ್ರತ್ಯೇಕ ದಹನ ಸ್ಮಾರಕದಲ್ಲಿದೆ. ಪಟ್ಟಿಯಲ್ಲೇ ಹೆಸರಿಲ್ಲದಿದ್ದರೆ, ಸೇವೆಯಲ್ಲಿದ್ದದ್ದಕ್ಕೂ ಆ ಅವಧಿಯೊಳಗೆ ಸತ್ತದ್ದಕ್ಕೂ ಆ ಕಾಲದ ಕಾಗದ ಲಗತ್ತಿಸಿ ಸೇರಿಸಲು ಕಮಿಷನ್ನನ್ನೇ ಕೇಳಬಹುದು. ಮನೆಯ ಬಾಯಿಮಾತು ಸಾಲದು.

ಇನ್ನು ಕಲ್ಲು. ಬರಹಕ್ಕೆ ಹಳೆಯ ವೀರಗಲ್ಲಿನ ಶಾಸನವೇ ಮಾದರಿ: ಯಾರು, ಯಾರ ಮಗ, ಯಾವ ಊರು, ಎಲ್ಲಿ ಬಿದ್ದ. ಅದಕ್ಕೆ ಪಡೆ, ಸಂಖ್ಯೆ, ತಾರೀಖು, ಹೆಸರಿರುವ ಸ್ಮಾರಕ ಸೇರಿಸಿದರೆ ಬರಹ ಮುಗಿಯಿತು. ವಿಶೇಷಣ ಬೇಡ, ಅತಿಥಿಗಳ ಹೆಸರಂತೂ ಬೇಡವೇ ಬೇಡ.

ಐದು ಅಡಿ ಎತ್ತರ, ಒಂದೂವರೆ ಅಡಿ ಅಗಲ, ಆರು ಇಂಚು ದಪ್ಪದ ಗ್ರಾನೈಟ್ ಸಾಕು. ಮೂರರಲ್ಲಿ ಒಂದು ಪಾಲು ನೆಲದೊಳಗೆ. ಅಕ್ಷರ ಒಂದಿಂಚು ಎತ್ತರವಿದ್ದರೆ ಸಾಲಿನಿಂದ ಸಾಲಿಗೆ ಎರಡಿಂಚಿಗಿಂತ ಕಡಿಮೆ ಬಿಡಬೇಡಿ. ಸಿದ್ದಪ್ಪ, ಮಲ್ಲಪ್ಪ ಎಂಬಂಥ ನಮ್ಮ ಹೆಸರುಗಳಲ್ಲಿ ಒತ್ತಕ್ಷರವೇ ಹೆಚ್ಚು, ಜಾಗ ಸಾಲದಿದ್ದರೆ ಒತ್ತು ಕೆಳಸಾಲಿನ ತಲೆಕಟ್ಟಿಗೆ ತಾಗಿ ಎರಡೂ ಕೆಡುತ್ತವೆ. ಕೊರೆತ ಮೂರು ಮಿಲಿಮೀಟರಾದರೂ ಆಳವಿರಲಿ. ಬಣ್ಣ ಕೆಲವೇ ವರ್ಷದಲ್ಲಿ ಏಳುತ್ತದೆ, ಬರಿ ಬಣ್ಣದ ಅಕ್ಷರ ನಂಬಬೇಡಿ. ಕೊರೆಯುವ ಮುನ್ನ ನಿಜಗಾತ್ರದಲ್ಲಿ ಕಾಗದದ ಮೇಲೆ ಬರೆಸಿ, ಮನೆಯವರೊಬ್ಬರು, ಹೊರಗಿನವರೊಬ್ಬರು ಗಟ್ಟಿಯಾಗಿ ಓದಿ ಸಹಿ ಹಾಕಲಿ.

ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕಲ್ಲು ವಾಲುತ್ತದೆ. ಅಲ್ಲಿ ಮೂರಡಿ ತೋಡಿ, ಗರಸನ್ನು ಆರಾರು ಇಂಚು ಹಾಕುತ್ತ ದಮ್ಮಸು ಮಾಡಿ ನಿಲ್ಲಿಸಿ. ಕೆಂಪು ನೆಲಕ್ಕೆ ಎರಡಡಿ ಆದೀತು. ಮುಖ ಪೂರ್ವಕ್ಕಿದ್ದರೆ ಹತ್ತು–ಹನ್ನೊಂದರ ಬಿಸಿಲು ಓರೆಯಾಗಿ ಬಿದ್ದು ಅಕ್ಷರ ಎದ್ದು ಕಾಣುತ್ತವೆ. ರಸ್ತೆಯಂಚು ಬೇಡ, ಅಗಲೀಕರಣಕ್ಕೆ ಮೊದಲ ಬಲಿ ಅದೇ. ಸರ್ಕಾರಿ ಜಾಗವಾದರೆ ಪಂಚಾಯಿತಿ ಠರಾವು ಮೊದಲು. ಅವನ ಹೊಲದ ಬದುವಿನಲ್ಲೇ ನಿಲ್ಲಿಸುವುದಾದರೆ ಟ್ರಾಕ್ಟರ್ ತಿರುಗುವ ಮೂಲೆ ಬಿಟ್ಟು ನೆಡಿ. ಎಣ್ಣೆ ಹಚ್ಚಿದರೆ ಧೂಳು ಅಂಟಿ ಕೊರೆತ ತುಂಬುತ್ತದೆ, ಆಸಿಡ್ ಮತ್ತು ತಂತಿ ಬ್ರಷ್ ಕಲ್ಲನ್ನೇ ತಿನ್ನುತ್ತವೆ. ವರ್ಷಕ್ಕೊಮ್ಮೆ ನೀರು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ.