ರಿಸೀವರಿನ ಒಳಮೆನು: ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು

ಹೊಸ ಎವಿ ರಿಸೀವರ್ (ಟಿವಿ, ಪ್ಲೇಯರುಗಳ ಸದ್ದನ್ನು ಹಲವು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ) ಬಂತು ಅಂದರೆ ಹೆಚ್ಚಿನವರು ಮಾಡುವುದು ಇಷ್ಟೇ. ಜೊತೆಗೆ ಬಂದ ಮೈಕ್ ಚುಚ್ಚುತ್ತಾರೆ, ಆಟೋ ಸೆಟಪ್ ಒತ್ತುತ್ತಾರೆ, ಸ್ಪೀಕರುಗಳು ಒಂದೊಂದಾಗಿ ಸದ್ದು ಮಾಡಿ ಸುಮ್ಮನಾದ ಮೇಲೆ ಸಿನಿಮಾ ಹಾಕಿ ಕೂರುತ್ತಾರೆ. ಸ್ವಲ್ಪ ದಿನಕ್ಕೆ ತಕರಾರು ಶುರು. ಮಾತು ಸರಿಯಾಗಿ ಕೇಳುವುದಿಲ್ಲ, ಹೊಡೆದಾಟ ಬಂದರೆ ರಿಮೋಟಿಗೆ ಕೈ ಹಾಕಬೇಕು, ಬೇಸ್, ಅಂದರೆ ಗುಡುಗಿನಂತಹ ತಗ್ಗು ಸದ್ದು, ಕೊಡುವ ಸಬ್‌ವೂಫರ್ ಇದ್ದೂ ಇಲ್ಲದ ಹಾಗಿದೆ. ಹಾಗಂತ ರಿಸೀವರ್ ಕೆಟ್ಟಿದೆ ಅಂತಲ್ಲ. ಮೈಕ್ ಅಳೆಯುವುದನ್ನು ಚೆನ್ನಾಗಿಯೇ ಅಳೆಯುತ್ತದೆ. ಆ ಅಳತೆ ನೋಡಿ ರಿಸೀವರ್ ತೆಗೆದುಕೊಳ್ಳುವ ಒಂದೆರಡು ತೀರ್ಮಾನ ಮಾತ್ರ ಎಡವಟ್ಟಾಗಿರುತ್ತವೆ. ಅವನ್ನು ನಾವೇ ಮೆನುವಿಗೆ ಹೋಗಿ ತಿದ್ದಬೇಕು.

ಮೊದಲು ಫೋಟೋ

ಏನನ್ನೂ ಬದಲಿಸುವ ಮುನ್ನ ಸೆಟಪ್ ಮೆನುವಿನ ಒಂದೊಂದು ಪರದೆಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಕೆಲವು ಮಾದರಿಗಳಲ್ಲಿ ಸೆಟ್ಟಿಂಗುಗಳನ್ನು ಪೆನ್‌ಡ್ರೈವಿಗೆ ಉಳಿಸುವ ಸೌಲಭ್ಯವೂ ಇದೆ. ಇದ್ದರೂ ಫೋಟೋ ಇರಲಿ, ನೋಡೋಕೆ ಸುಲಭ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಪ್ರತಿ ಸಲವೂ ಅದೇ ದೃಶ್ಯ ಹಾಕಿ ಕೇಳಿ. ಮೂರು ನಾಲ್ಕು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಆಟೋ ಸೆಟಪ್ಪನ್ನು ಕಾಟಾಚಾರಕ್ಕೆ ಓಡಿಸಿದ್ದರೆ ಮತ್ತೊಮ್ಮೆ ಓಡಿಸಿ. ಡೆನಾನ್, ಮರಾಂಟ್ಜ್‌ನಲ್ಲಿ ಇದಕ್ಕೆ ಆಡಿಸ್ಸಿ, ಯಮಹಾದಲ್ಲಿ ವೈಪಿಎಒ ಎಂಬ ಹೆಸರು. ಕೆಲಸ ಹೆಚ್ಚುಕಡಿಮೆ ಒಂದೇ. ಮೈಕನ್ನು ಸೋಫಾದ ಮೇಲೆ ಇಡಬೇಡಿ, ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಎಸಿ ಆಫ್ ಮಾಡಿ. ಸಬ್‌ವೂಫರಿನ ಹಿಂದಿರುವ ವಾಲ್ಯೂಮ್ ತಿರುಪನ್ನು ಅರ್ಧಕ್ಕೆ ಇಡಿ, ಅದರ ಕ್ರಾಸ್‌ಓವರ್ ತಿರುಪನ್ನು ಅತಿ ಹೆಚ್ಚಿನ ಸಂಖ್ಯೆಯವರೆಗೆ ತಿರುಗಿಸಿಬಿಡಿ. ಎಷ್ಟರ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕು ಅಂತ ಕತ್ತರಿಸುವ ಆ ಕೆಲಸ ಇನ್ನು ರಿಸೀವರಿನದು. ಇಬ್ಬರೂ ಒಟ್ಟಿಗೆ ಕತ್ತರಿಸಿದರೆ ಬೇಸ್‌ನ ಒಂದು ಭಾಗವೇ ಮಾಯವಾಗುತ್ತದೆ.

ಲಾರ್ಜ್, ಸ್ಮಾಲ್ ಮತ್ತು 80 ಹರ್ಟ್ಜ್

ಈಗ ಸ್ಪೀಕರ್ ಮೆನುವಿಗೆ ಬನ್ನಿ. ಇಡೀ ಕೆಲಸದ ತಿರುಳು ಇಲ್ಲೇ ಇದೆ. ಆಟೋ ಸೆಟಪ್ ಮುಂದಿನ ಸ್ಪೀಕರುಗಳಿಗೆ ಬಹಳ ಸಲ 'ಲಾರ್ಜ್' ಅಂತ ಹಾಕಿರುತ್ತದೆ. ನೋಡಿದವರಿಗೆ ಖುಷಿ, ನಮ್ಮ ಸ್ಪೀಕರ್ ದೊಡ್ಡದು ಅಂತ. ಆದರೆ ಇದು ಸ್ಪೀಕರಿನ ಗಾತ್ರದ ಮಾತಲ್ಲ. 'ಲಾರ್ಜ್' ಅಂದರೆ ಎಲ್ಲ ಬೇಸನ್ನೂ ಆ ಸ್ಪೀಕರಿಗೇ ಕಳಿಸು, 'ಸ್ಮಾಲ್' ಅಂದರೆ ಬೇಸನ್ನು ಬೇರೆ ಮಾಡಿ ಸಬ್‌ವೂಫರಿಗೆ ಕಳಿಸು ಅಂತ ಅಷ್ಟೇ. ಮುಂದಿನದು ಲಾರ್ಜ್ ಆದರೆ ಹಾಡು ಕೇಳುವಾಗ ಸಬ್‌ವೂಫರ್ ಸುಮ್ನೆ ಕೂತಿರುವುದೂ ಉಂಟು.

ಸಬ್‌ವೂಫರ್ ಇದ್ದರೆ ಎಲ್ಲವನ್ನೂ ಸ್ಮಾಲ್ ಮಾಡಿ. ಆಳುದ್ದದ ಟವರ್ ಸ್ಪೀಕರ್ ಇದ್ದರೂ ಅಷ್ಟೇ. ಬೇಸ್‌ನ ಭಾರ ಇಳಿದರೆ ರಿಸೀವರಿನ ಆಂಪ್ಲಿಫೈಯರಿಗೆ ಉಸಿರಾಡಲು ಜಾಗ ಸಿಗುತ್ತದೆ, ಉಳಿದ ಸದ್ದು ಸ್ವಚ್ಛವಾಗುತ್ತದೆ.

ಎಲ್ಲಿ ಕತ್ತರಿಸಬೇಕು ಅನ್ನುವುದೇ ಕ್ರಾಸ್‌ಓವರ್. ಸಿನಿಮಾ ಸದ್ದಿನ ಗುಣಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್ ಕಂಪನಿಯವರು ಹಾಕಿಕೊಟ್ಟ 80 ಹರ್ಟ್ಜ್ ಶುರು ಮಾಡಲು ಒಳ್ಳೆಯ ಸಂಖ್ಯೆ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಸಬ್‌ವೂಫರ್ ಮೂಲೆಯಲ್ಲಿದ್ದರೂ ಕಾಣಿಸಿಕೊಳ್ಳುವುದಿಲ್ಲ. ಅಂಗೈಯಗಲದ ಪುಟ್ಟ ಸ್ಪೀಕರ್ ಆದರೆ 100 ಅಥವಾ 120 ಇಡಬೇಕಾಗುತ್ತದೆ. ಆಟೋ ಸೆಟಪ್ 110 ಅಂತ ಹೇಳಿದ್ದರೆ ಅದನ್ನು 80ಕ್ಕೆ ಇಳಿಸಬೇಡಿ. ಆ ಸ್ಪೀಕರಿಗೆ ಅಷ್ಟು ಕೆಳಗೆ ಇಳಿಯುವ ಶಕ್ತಿ ಇಲ್ಲ ಅಂತ ಮೈಕ್ ಅಳೆದೇ ಹೇಳಿದೆ. 40 ಅಂತ ಹೇಳಿದ್ದರೆ 80ಕ್ಕೆ ಏರಿಸಬಹುದು. ಏರಿಸುವುದು ಸರಿ, ಇಳಿಸುವುದು ಬೇಡ.

ಪಕ್ಕದಲ್ಲೇ 'ಎಲ್‌ಎಫ್‌ಇ ಲೋ ಪಾಸ್' ಅಂತ ಇನ್ನೊಂದು ಸಾಲು ಇರುತ್ತದೆ. ಇದನ್ನು ನೋಡಿ ಗಲಿಬಿಲಿಯಾಗುವವರು ಜಾಸ್ತಿ. ಅದು 5.1ರಲ್ಲಿ '.1' ಅನ್ನುತ್ತೇವಲ್ಲ, ಆ ಬೇಸ್ ಚಾನೆಲ್ಲಿಗೆ ಮಾತ್ರ ಸಂಬಂಧಿಸಿದ್ದು. 120 ಹರ್ಟ್ಜ್‌ನಲ್ಲೇ ಬಿಡಿ. 'ಎಲ್‌ಎಫ್‌ಇ ಪ್ಲಸ್ ಮೇನ್' ಅಥವಾ 'ಎಕ್ಸ್‌ಟ್ರಾ ಬೇಸ್' ತರಹದ ಆಯ್ಕೆ ಕಂಡರೆ ಆಫ್ ಇಡಿ. ಒಂದೇ ಬೇಸ್ ಎರಡು ಕಡೆಯಿಂದ ಬಂದರೆ ಗದ್ದಲವೇ ಹೊರತು ಗತ್ತು ಬರುವುದಿಲ್ಲ.

ದೂರ ಮತ್ತು ಲೆವೆಲ್

ದೂರದ ಪಟ್ಟಿ ನೋಡಿ ಟೇಪ್ ಹಿಡಿದು ಓಡಬೇಡಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರಿಗೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಎಲ್ಲ ಸ್ಪೀಕರುಗಳ ಸದ್ದೂ ಒಟ್ಟಿಗೆ ಕಿವಿ ಮುಟ್ಟಲಿ ಅಂತ ಹತ್ತಿರದ ಸ್ಪೀಕರನ್ನು ರಿಸೀವರ್ ಅಷ್ಟು ತಡ ಮಾಡುತ್ತದೆ. ಸಬ್‌ವೂಫರ್ ಮೂರು ಮೀಟರ್ ದೂರದಲ್ಲಿದ್ದು ಪರದೆ ಐದು ಅಂತ ತೋರಿಸಿದರೆ ಅದು ತಪ್ಪಲ್ಲ. ಸಬ್‌ವೂಫರಿನ ಒಳಗಿನ ಸರ್ಕ್ಯೂಟ್ ಸದ್ದನ್ನು ತಡ ಮಾಡುತ್ತದೆ, ಮೈಕ್ ಅದನ್ನೂ ಸೇರಿಸಿ ಲೆಕ್ಕ ಹಾಕಿದೆ. ಬಿಟ್ಟುಬಿಡಿ.

ಲೆವೆಲ್ಲಿನಲ್ಲಿ ಮಾತ್ರ ನಿಮ್ಮ ಕಿವಿಗೂ ಮಾತಾಡುವ ಹಕ್ಕಿದೆ. ಸಿನಿಮಾದ ಮಾತುಗಳು ಬಹುಪಾಲು ನಡುವಿನ ಸ್ಪೀಕರಿನಿಂದಲೇ ಬರುತ್ತವೆ. ಮಾತು ಕೇಳದಿದ್ದರೆ ಸೆಂಟರ್ ಸ್ಪೀಕರನ್ನು ಒಂದೆರಡು ಡೆಸಿಬಲ್ ಏರಿಸಿ. ಐದಾರು ಏರಿಸಬೇಕು ಅನ್ನಿಸಿದರೆ ತೊಂದರೆ ಬೇರೆ ಕಡೆ ಇದೆ. ಸೆಂಟರ್ ಸ್ಪೀಕರ್ ಟಿವಿ ಮೇಜಿನ ಒಳಗೆ ಹುದುಗಿದೆಯಾ, ನೆಲ ನೋಡುತ್ತಿದೆಯಾ ನೋಡಿ. ಸಬ್‌ವೂಫರಿನ ಲೆವೆಲ್ ಮೈನಸ್ 12ರಂತಹ ತುದಿಗೆ ಹೋಗಿ ನಿಂತಿದ್ದರೆ ಅದರ ಹಿಂದಿನ ತಿರುಪು ಜಾಸ್ತಿಯಾಗಿದೆ ಎಂದರ್ಥ. ತಿರುಪು ಇಳಿಸಿ ಮತ್ತೆ ಅಳೆಯಿರಿ.

ರಾತ್ರಿ ಹೊತ್ತು ಮಾತು ಸಣ್ಣಗೆ, ಸ್ಫೋಟ ದೊಡ್ಡದಾಗಿ ಕೇಳುವ ಗೋಳಿಗೆ ಸಣ್ಣ ಸದ್ದು, ದೊಡ್ಡ ಸದ್ದಿನ ಅಂತರ ತಗ್ಗಿಸುವ ಡೈನಾಮಿಕ್ ರೇಂಜ್ ಅಥವಾ ನೈಟ್ ಮೋಡ್ ಇದೆ. ಮಕ್ಕಳು ಮಲಗಿದಾಗ ಹಾಕಿಕೊಳ್ಳಿ, ಬೆಳಿಗ್ಗೆ ತೆಗೆಯಿರಿ. ಸದಾ ಹಾಕಿಟ್ಟರೆ ಇಷ್ಟೆಲ್ಲ ಸ್ಪೀಕರ್ ಯಾಕೆ ತಂದಿರಿ ಅಂತ ಕೇಳಬೇಕಾಗುತ್ತದೆ.

ಎಚ್‌ಡಿಎಂಐ ಮೆನು

ಟಿವಿಯೊಳಗಿನ ಆ್ಯಪ್‌ಗಳ ಸದ್ದು ರಿಸೀವರಿಗೆ ಬರುವುದು ಎಆರ್‌ಸಿ (ಎಚ್‌ಡಿಎಂಐ ಕೇಬಲ್ಲಿನಲ್ಲೇ ಟಿವಿಯಿಂದ ಸದ್ದು ವಾಪಸ್ ಬರುವ ದಾರಿ) ಅಥವಾ ಅದರ ಸುಧಾರಿತ ರೂಪ ಇಎಆರ್‌ಸಿ ಮೂಲಕ. ಎಆರ್‌ಸಿಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಅಡಕ ಮಾಡಿದ ಸದ್ದಿನವರೆಗೆ ಹಾಯುತ್ತದೆ. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ ಎಂಬ ಉನ್ನತ ಗುಣಮಟ್ಟದ ಸದ್ದು ಟಿವಿ ಮೂಲಕ ಬರಬೇಕಾದರೆ ಇಎಆರ್‌ಸಿಯೇ ಬೇಕು. ರಿಸೀವರಿನಲ್ಲಿ ಅದನ್ನು ಆನ್ ಮಾಡಿದರೆ ಸಾಲದು, ಟಿವಿಯ ಆಡಿಯೋ ಔಟ್‌ಪುಟ್ಟನ್ನೂ 'ಪಿಸಿಎಂ'ನಿಂದ (ಸಾಮಾನ್ಯವಾಗಿ ಎರಡೇ ಚಾನೆಲ್ಲಿನ ಸದ್ದು) 'ಬಿಟ್‌ಸ್ಟ್ರೀಮ್', 'ಆಟೋ' ಅಥವಾ 'ಪಾಸ್ ಥ್ರೂ'ಗೆ ಬದಲಿಸಬೇಕು. ಎಷ್ಟೋ ಮನೆಗಳಲ್ಲಿ ಹಿಂದಿನ ಸ್ಪೀಕರ್ ಮೌನವಾಗಿರುವುದಕ್ಕೆ ಕಾರಣ ಇದೊಂದೇ.

ಒಂದು ರಿಮೋಟಿಗೆ ಎರಡೂ ಪೆಟ್ಟಿಗೆ ಮಣಿಯುವಂತೆ ಮಾಡುವುದು ಸಿಇಸಿ. ಟಿವಿ ತಾನಾಗಿ ಆನ್ ಆಗುವುದು, ಇನ್‌ಪುಟ್ ತಾನಾಗಿ ಬದಲಾಗುವುದು, ಎಲ್ಲ ಇದರ ಲೀಲೆ. ಕಿರಿಕಿರಿ ಅಂತ ಆಫ್ ಮಾಡುವ ಮುನ್ನ ಒಂದು ಮಾತು: ಹಲವು ಮಾದರಿಗಳಲ್ಲಿ ಸಿಇಸಿ ಹೋದರೆ ಎಆರ್‌ಸಿಯೂ ಹೋಗುತ್ತದೆ. ಚಿತ್ರಕ್ಕೂ ಸದ್ದಿಗೂ ಹೊಂದಾಣಿಕೆ ತಪ್ಪಿದ್ದರೆ ಲಿಪ್ ಸಿಂಕ್ ಆಟೋಗೆ ಹಾಕಿ ನೋಡಿ. ಆಗಲೂ ಸದ್ದೇ ಮೊದಲು ಬರುತ್ತಿದ್ದರೆ ಆಡಿಯೋ ಡಿಲೇಯನ್ನು 10 ಮಿಲಿಸೆಕೆಂಡಿನಂತೆ ಏರಿಸುತ್ತಾ ಬನ್ನಿ. ಸುದ್ದಿ ಓದುವವರ ತುಟಿ ನೋಡುತ್ತಾ ಮಾಡಿದರೆ ಬೇಗ ಆಗುತ್ತದೆ.

ಪವರ್ ಬಟನ್ ಹಿಂದೆ ಅಡಗಿದ ಮೆನು

ಕೆಲವು ಸೆಟ್ಟಿಂಗುಗಳು ಟಿವಿ ಪರದೆಗೆ ಬರುವುದೇ ಇಲ್ಲ. ಯಮಹಾದ ಅನೇಕ ಮಾದರಿಗಳಲ್ಲಿ ರಿಸೀವರ್ ಆಫ್ ಮಾಡಿ, ಮುಂಭಾಗದ 'ಸ್ಟ್ರೇಟ್' ಬಟನ್ ಒತ್ತಿಹಿಡಿದು ಪವರ್ ಒತ್ತಿದರೆ 'ಅಡ್ವಾನ್ಸ್ಡ್ ಸೆಟಪ್' ತೆರೆದುಕೊಳ್ಳುತ್ತದೆ. ಅಕ್ಷರ ಮೂಡುವುದು ರಿಸೀವರಿನ ಪುಟ್ಟ ಡಿಸ್‌ಪ್ಲೇಯಲ್ಲಿ. 'ಪ್ರೋಗ್ರಾಂ' ಬಟನ್‌ನಿಂದ ಸಾಲು ಬದಲಿಸಿ, 'ಸ್ಟ್ರೇಟ್' ಒತ್ತಿ ಆಯ್ಕೆ ಬದಲಿಸಿ, ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಬೇರೆ ಕಂಪನಿಗಳದ್ದು ಬೇರೆ ಬಟನ್ ಜೋಡಿ, ಮ್ಯಾನುಯಲ್ ನೋಡಿಯೇ ಒತ್ತಿ. ಕೆಲವು ಜೋಡಿಗಳು ನೇರ ರೀಸೆಟ್ ಮಾಡಿಬಿಡುತ್ತವೆ.

ಇಲ್ಲಿ ಕಾಣುವ ರಿಮೋಟ್ ಐಡಿ ಒಂದೇ ಕಂಪನಿಯ ಎರಡು ರಿಸೀವರ್ ಒಂದೇ ಕೋಣೆಯಲ್ಲಿದ್ದರೆ ಮಾತ್ರ ಬೇಕು. 4ಕೆ ಮೋಡ್ ಹೆಚ್ಚಿನದಕ್ಕೆ ಹಾಕಿದಾಗ ಪರದೆ ಕಪ್ಪಾದರೆ ಕೇಬಲ್ ಬದಲಿಸಿ ನೋಡಿ, ಇಲ್ಲವೇ ಹಳೆಯ ಮೋಡಿಗೆ ಮರಳಿ. ಸ್ಪೀಕರ್ ಇಂಪಿಡೆನ್ಸ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಸಾಲಿನಲ್ಲಿ ಮಾತ್ರ ಕುತೂಹಲ ಬೇಡ. ಕಡಿಮೆ ಓಮ್ ಆಯ್ದರೆ ಸದ್ದಿಗೆ ಲಾಭವಿಲ್ಲ. ಬಿಸಿ ತಡೆಯಲು ರಿಸೀವರ್ ಆಂಪ್ಲಿಫೈಯರಿನ ಶಕ್ತಿಯನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಕಡಿಮೆ ಓಮ್ ಸ್ಪೀಕರಿಗೆ ಮ್ಯಾನುಯಲ್ ಹೇಳಿದ್ದರೆ ಬದಲಿಸಿ, ಇಲ್ಲವಾದರೆ 8 ಓಮ್‌ನಲ್ಲೇ ಇರಲಿ. 'ಇನಿಟ್' ಅಂತ ಇರುವುದು ಎಲ್ಲವನ್ನೂ ಅಳಿಸುವ ಸಾಲು, ದೂರವಿರಿ.

ಎಲ್ಲ ಮುಗಿದ ಮೇಲೆ ಸಾಮಾನ್ಯ ಸೆಟಪ್ಪಿಗೆ ಮರಳಿ ವಾಲ್ಯೂಮ್ ಲಿಮಿಟ್ ಹಾಕಿ, ಆನ್ ಮಾಡಿದಾಗಿನ ವಾಲ್ಯೂಮನ್ನೂ ತಗ್ಗಿನಲ್ಲಿ ನಿಗದಿ ಮಾಡಿ. ಡೆಸಿಬಲ್ ಲೆಕ್ಕದಲ್ಲಿ ಸೊನ್ನೆ ಅಂದರೆ ಥಿಯೇಟರಿನ ಮಟ್ಟದ ಸದ್ದು, ಮನೆಗೆ ಅದು ಜಾಸ್ತಿಯೇ. ಡೆನಾನ್‌ನ 0ಯಿಂದ 98ರವರೆಗಿನ ಅಳತೆಯಲ್ಲಿ ಅದೇ ಜಾಗ 80. ಕೊನೆಗೆ ಸೆಟಪ್ ಲಾಕ್ ಆನ್ ಮಾಡಿ, ಬದಲಾದ ಪರದೆಗಳ ಫೋಟೋ ಇನ್ನೊಮ್ಮೆ ತೆಗೆದಿಡಿ.